ಮೂರು ತಿರುವಿಗೊಂದು ನೋವು

ಹೆರಿಗೆ ನೋವಿನಷ್ಟು ಮಾತು ತಪ್ಪುವ ನೆಂಟ ಇನ್ನೊಬ್ಬನಿಲ್ಲ. ಬಂದೆ ಬಂದೆ ಅಂತ ಹೆದರಿಸಿ ವಾಪಸ್ ಹೋಗುತ್ತೆ, ಇನ್ನೂ ದಿನ ಇದೆ ಅಂದುಕೊಂಡಾಗ ಬಂದು ಕೂರುತ್ತೆ. ನೀಲಗಿರಿ ಬೆಟ್ಟದ ಮಂಜೂರು ಸುತ್ತಿನ ಹಟ್ಟಿಗಳಲ್ಲಿ, ಅಂದರೆ ನಮ್ಮ ಹಳ್ಳಿಗಳಲ್ಲಿ, ನರ್ಸ್ ಕೆಲಸ ಮಾಡುವ ನನ್ನ ಕಣ್ಣೆದುರು ಇಂಥದ್ದು ನಡೆಯುತ್ತಲೇ ಇರುತ್ತೆ.

ನನಗಿರುವುದು ಒಂದೇ ಹಟ. ನಮ್ಮ ಹಟ್ಟಿಗಳ ಯಾವ ಮಗುವೂ ದಾರಿಯಲ್ಲಿ ಹುಟ್ಟಬಾರದು. ಊಟಿಯ ದೊಡ್ಡಾಸ್ಪತ್ರೆಗೆ ಹೋಗುವ ನಮ್ಮ ರಸ್ತೆಯಲ್ಲಿ ಒಂದು ತಿರುವು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಎದುರಿಗಿರುತ್ತೆ. ಅದಕ್ಕೇ ಏಳು ತಿಂಗಳು ತುಂಬಿದವರನ್ನೆಲ್ಲ ಕೂರಿಸಿಕೊಂಡು ಪಾಠ ಹೇಳುತ್ತೇನೆ. ನಿಜವಾದ ನೋವು ಲೆಕ್ಕ ಹಿಡಿದ ಹಾಗೆ ಬರುತ್ತೆ, ಹೋಗುತ್ತೆ. ಬರಬರುತ್ತಾ ಹತ್ತಿರವಾಗುತ್ತೆ, ಜೋರಾಗುತ್ತೆ. ಸುಳ್ಳು ನೋವಾದರೆ ಸ್ವಲ್ಪ ಓಡಾಡಿ, ನೀರು ಕುಡಿದು ಮಲಗಿದರೆ ಅಡಗುತ್ತೆ. ನೀರು ಹೋದರೆ, ರಕ್ತ ಕಂಡರೆ, ಮಗು ಒದೆಯುವುದು ಕಮ್ಮಿಯಾದರೆ ಯಾವ ಲೆಕ್ಕವೂ ಬೇಡ, ಹೊರಟುಬಿಡಿ. ಪಾಠ ಎಲ್ಲರಿಗೂ ಇದೇ. ತಲೆಗೆ ಹೋಗುವುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ.

ಡ್ರೈವರನ ಲೆಕ್ಕ

ನಮ್ಮ ಹಟ್ಟಿಯಲ್ಲಿ ಒಬ್ಬ ಜೀಪ್ ಡ್ರೈವರ್ ಇದ್ದಾನೆ. ಆಂಬುಲೆನ್ಸ್ ಬರುವ ತನಕ ಕಾಯುವ ತಾಳ್ಮೆ ಇಲ್ಲದವರೆಲ್ಲ ಅವನ ಜೀಪನ್ನೇ ಹತ್ತುವುದು. ಅವನ ಹೆಂಡತಿಗೂ ದಿನ ತುಂಬಿತು. ಒಂದು ನೋವು ಶುರುವಾದಾಗಿನಿಂದ ಇನ್ನೊಂದು ಶುರುವಾಗುವ ತನಕ ಎಷ್ಟು ನಿಮಿಷ ಅಂತ ನೋಡಿ ನನಗೆ ಹೇಳು ಅಂತ ಅವನಿಗೆ ಹತ್ತು ಸಲ ಹೇಳಿದ್ದೆ.

ಒಂದು ಬೆಳಿಗ್ಗೆ ಫೋನ್ ಬಂತು. ಹೆಂಡತಿಯನ್ನು ಕೂರಿಸಿಕೊಂಡು ಆಗಲೇ ಹೊರಟು, ದಾರಿಯಲ್ಲಿ ಜೀಪ್ ನಿಲ್ಲಿಸಿ ಮಾತಾಡುತ್ತಿದ್ದ.

"ಸಿಸ್ಟರ್, ಮೂರು ತಿರುವಿಗೊಂದು ಬರ್ತಿದೆ."

ತಿರುವು ಯಾರು ಕೇಳಿದರು ಮಾರಾಯ, ನಿಮಿಷ ಹೇಳು ಅಂದೆ. ಸ್ಟೀರಿಂಗ್ ಹಿಡಿದವನು ಗಡಿಯಾರ ಹೇಗೆ ನೋಡುವುದು, ಅದಕ್ಕೇ ತಿರುವು ಎಣಿಸಿದೆ ಅಂತ ನನಗೇ ಬುದ್ಧಿ ಹೇಳಿದ. ಏರಿನ ತಿರುವೋ ಇಳಿಜಾರಿನದೋ ಅಂತ ನಾನೂ ಕೇಳಿಬಿಟ್ಟೆ. ಇನ್ನೇನು ಮಾಡುವುದು?

ಸಮಯಕ್ಕೆ ಸರಿಯಾಗಿ ತಲುಪಿದರು, ಗಂಡುಮಗು ಆಯಿತು. ಮಾರನೇ ದಿನ ಆಸ್ಪತ್ರೆಯ ಡಾಕ್ಟರಮ್ಮನ ಫೋನ್. ಅವರು ಬಯಲುಸೀಮೆ ಕಡೆಯವರು, ಬೆಟ್ಟಕ್ಕೆ ಹೊಸಬರು. ನಿಮ್ಮ ಕಡೆ ಒಂದು ತಿರುವು ಅಂದರೆ ಎಷ್ಟು ನಿಮಿಷ ಅಂತ ತುಂಬ ಗಂಭೀರವಾಗಿ ಕೇಳಿದರು.

ಮುಂದೆ ಟೀ ಎಲೆ ಲಾರಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಇರುತ್ತೆ ಡಾಕ್ಟರ್, ಅಂದೆ.

ಒಳಗಿಂದ ಬಿದ್ದ ಮಂಜು

ಇನ್ನೊಬ್ಬಳು ಒಂಬತ್ತು ತಿಂಗಳ ಬಸುರಿ. ಸುಮ್ಮನೆ ನೋಡಿ ಬರುತ್ತೇನೆ ಅಂತ ತಮ್ಮ ಟೀ ತೋಟಕ್ಕೆ ಹೋದವಳು. ಟೀ ಗಿಡದ ಮುಂದೆ ನಿಂತ ನಮ್ಮ ಹೆಂಗಸರ ಕೈ ಸುಮ್ಮನಿರುತ್ತಾ? ಸೊಂಟಕ್ಕೆ ಪ್ಲಾಸ್ಟಿಕ್ ಶೀಟ್ ಕಟ್ಟಿಕೊಂಡು ಎಲೆ ಕೀಳಲು ಶುರುಮಾಡಿದ್ದಳು.

ಆ ದಾರಿಯಲ್ಲಿ ಹೋಗುತ್ತಿದ್ದ ನಾನು ನೋಡಿ ಬೈದೆ. ಅವಳು ನಗುತ್ತಾ, ಇವತ್ತು ಏನು ಮಂಜು ಅಕ್ಕಾ, ಸೀರೆಯೆಲ್ಲ ತೊಯ್ದುಹೋಯ್ತು ಅಂದಳು. ನೋಡಿದರೆ ಮೇಲಿನ ಶೀಟ್ ಹೆಚ್ಚುಕಮ್ಮಿ ಒಣಗಿದೆ, ಒಳಗಿನ ಸೀರೆ ಒದ್ದೆ ಮುದ್ದೆ.

"ಏನೇ, ನಿನಗೆ ಮಂಜು ಒಳಗಿಂದ ಬಿತ್ತಾ?"

ಅವಳು ಶೀಟ್ ಎತ್ತಿ ನೋಡಿಕೊಂಡಳು, ನನ್ನ ಮುಖ ನೋಡಿದಳು, ಅಲ್ಲೇ ಕೂತುಬಿಟ್ಟಳು. ನೀರು ಹೋಗಿ ಎಷ್ಟು ಹೊತ್ತಾಗಿತ್ತೋ. ಜೀಪ್ ಕರೆಸಿ ಹತ್ತಿಸಿದೆ. ಒಂದು ತಿರುವು ದಾಟಿದ್ದೆವೋ ಇಲ್ಲವೋ, ನನ್ನ ಗಂಡನಿಗೆ ಬೇಗ ಫೋನ್ ಮಾಡಿ ಅಂತ ಕೈ ಹಿಡಿದುಕೊಂಡಳು. ಪಾಪ, ಹೆದರಿದ್ದಾಳೆ ಅಂದುಕೊಂಡೆ. ಏನು ಹೇಳಲಿ ಅಂದೆ.

"ಕಿತ್ತ ಎಲೆ ಅಲ್ಲೇ ಇದೆ, ಬಾಡೋಕೆ ಮುಂಚೆ ಲಾರಿಗೆ ಹಾಕು ಅನ್ನಿ. ಆಸ್ಪತ್ರೆ ವಿಷಯ ಆಮೇಲೆ ಹೇಳಿದರಾಯ್ತು."

ಅತ್ತೆಮ್ಮನ ವರ್ಕಿ ಪರೀಕ್ಷೆ

ನಮ್ಮ ಪಕ್ಕದ ಹಟ್ಟಿಯ ಒಬ್ಬ ಅತ್ತೆಮ್ಮನಿಗೆ ಸೊಸೆ ಅಂದರೆ ಪ್ರಾಣ. ಸೊಸೆಗೆ ಚೊಚ್ಚಲು. ಹೊಟ್ಟೆ ಹಿಡಿಯಿತು ಅಂದರೆ ಸಾಕು, ಅತ್ತೆಮ್ಮ ಅರ್ಧ ಹಟ್ಟಿಯನ್ನೇ ಜೀಪಿಗೆ ತುಂಬಿಕೊಂಡು ಹೊರಡುತ್ತಿದ್ದರು. ಜೊತೆಗೆ ನಾನೂ. ದಾರಿಯಲ್ಲಿ ಒಂದು ಬೇಕರಿ ಇದೆ. ಡ್ರೈವರ್ ಚಹಾಕ್ಕೆ ನಿಲ್ಲಿಸುತ್ತಾನೆ. ಒಲೆಯಿಂದ ಆಗಷ್ಟೇ ತೆಗೆದ ಪದರು ಪದರಾದ ಗರಿಗರಿ ವರ್ಕಿ ಬಿಸ್ಕತ್ತಿನ ಪರಿಮಳಕ್ಕೆ ಎಲ್ಲರೂ ಇಳಿಯುತ್ತಾರೆ. ಸೊಸೆ ಇಳಿದು ನಾಲ್ಕು ಹೆಜ್ಜೆ ಓಡಾಡಿ, ನೀರು ಕುಡಿದು, ಎರಡು ವರ್ಕಿ ತಿನ್ನುತ್ತಾಳೆ. ನೋವು ಮಾಯ. ಜೀಪ್ ವಾಪಸ್.

ಮೂರು ಸಲ ಹೀಗೇ ಆಯಿತು. ವರ್ಕಿ ಕಂಡರೆ ನಾನೂ ಬಿಡುವವಳಲ್ಲ, ಮೂರು ಸಲವೂ ನನ್ನ ಪಾಲು ತಿಂದೆ. ಅತ್ತೆಮ್ಮ ಮಾತ್ರ ಒಂದು ಸಿದ್ಧಾಂತವನ್ನೇ ಕಟ್ಟಿದರು. ವರ್ಕಿ ತಿಂದ ಮೇಲೆ ಹೋದರೆ ಸುಳ್ಳು ನೋವು, ವರ್ಕಿ ಬೇಡ ಅಂದರೆ ನಿಜವಾದ ನೋವು. ಸುತ್ತಿನ ಹಟ್ಟಿಗೆಲ್ಲ ಇದನ್ನು ಸಾರಿಯೂಬಿಟ್ಟರು. ನೋವು ಹೋಗಿದ್ದು ಓಡಾಡಿದ್ದರಿಂದ, ವರ್ಕಿಗೂ ಹೆರಿಗೆಗೂ ಸಂಬಂಧವೇ ಇಲ್ಲ ಅಂತ ನಾನು ಗಂಟಲು ಹರಿದುಕೊಂಡೆ. ಅವರು ಎಲ್ಲ ಕೇಳಿ ನನ್ನ ತಲೆ ಸವರಿದರು.

"ನೀನು ಓದಿದ್ದನ್ನು ನೀನು ಹೇಳು ಮಗಾ. ವರ್ಕಿ ನನ್ನ ಹತ್ತಿರ ಇರಲಿ."

ನನ್ನ ಸರದಿ

ಅಷ್ಟು ಹೊತ್ತಿಗೆ ನಾನೂ ತುಂಬಿದ ಬಸುರಿ. ನನ್ನ ರಜೆ ಸೋಮವಾರದಿಂದ ಅಂತ ಬರೆದುಕೊಟ್ಟಿದ್ದೆ. ಡಾಕ್ಟರು ಕೊಟ್ಟ ದಿನ ಇನ್ನೂ ದೂರ ಇತ್ತು, ಮೊದಲ ಹೆರಿಗೆ ತಡವಾಗಿಯೇ ಆಗುವುದು ಅಂತ ಧೈರ್ಯ. ಶುಕ್ರವಾರ ಬೆಳಿಗ್ಗೆ ಅತ್ತೆಮ್ಮನ ಸೊಸೆಗೆ ನಾಲ್ಕನೇ ಸಲ ನೋವು. ನಮ್ಮಮ್ಮ ಬೇಡ ಬೇಡ ಅಂದರೂ ನಾನು ಜೀಪ್ ಹತ್ತಿದೆ.

ದಾರಿಯುದ್ದಕ್ಕೂ ಸೊಸೆಗೆ ಪಾಠ ಶುರುಮಾಡಿದೆ. ನಿಜವಾದ ನೋವು ಬೆನ್ನಿಂದ ಹೊರಟು ಹೊಟ್ಟೆಗೆ ಬರುತ್ತೆ ಅನ್ನುವಷ್ಟರಲ್ಲಿ ನನ್ನ ಬೆನ್ನು ಹಿಡಿಯಿತು. ಹಳ್ಳ ನೋಡಿ ಓಡಿಸು ಅಂತ ಡ್ರೈವರನ ಮೇಲೆ ರೇಗಿದೆ. ಇದು ಹೊಸ ರಸ್ತೆ ಸಿಸ್ಟರ್, ಹಳ್ಳ ಎಲ್ಲಿದೆ ಅಂದ. ಮೂರು ತಿರುವು ಕಳೆದ ಮೇಲೆ ಮತ್ತೆ ಹಿಡಿಯಿತು. ಆಮೇಲೆ ಎರಡೇ ತಿರುವಿಗೆ. ಅತ್ತ ಡ್ರೈವರ್ ತಿರುವು ತಿರುವಿಗೂ ನೋವು ಬಂತಾ ತಂಗಿ ಅಂತ ಸೊಸೆಯನ್ನು ಕೇಳುತ್ತಿದ್ದ. ಅವಳು ಆರಾಮಾಗಿ ಇಲ್ಲ ಅಣ್ಣಾ ಅನ್ನುತ್ತಿದ್ದಳು. ದಾರಿಯಲ್ಲಿ ಯಾರ ಮಗುವೂ ಹುಟ್ಟಬಾರದು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಈಗ ನನ್ನದೇ ಕೂಸು ದಾರಿಯಲ್ಲಿ ಹುಟ್ಟಿಬಿಟ್ಟರೆ? ನಿಜವಾಗಿಯೂ ಹೆದರಿದೆ. ಆದರೂ ಬಾಯಿ ಬಿಡಲು ನಾಚಿಕೆ.

ಬೇಕರಿ ಬಂತು. ಸೊಸೆ ಇಳಿದು ಎರಡು ವರ್ಕಿ ತಿಂದಳು. ನೋವು ಹೋಯ್ತು ಅತ್ತೆ ಅಂದಳು. ಅತ್ತೆಮ್ಮ ನನಗೂ ಒಂದು ಬಿಸಿ ವರ್ಕಿ ಚಾಚಿದರು. ಸರಿಯಾಗಿ ಆಗಲೇ ಮತ್ತೊಂದು ನೋವು. ನಾನು ಅವರ ಕೈ ತಳ್ಳಿದೆ. ಅತ್ತೆಮ್ಮ ವರ್ಕಿ ನೋಡಿದರು, ನನ್ನ ಮುಖ ನೋಡಿದರು. ಸೆರಗು ಸಿಕ್ಕಿಸಿಕೊಂಡು ಡ್ರೈವರನ ಕಡೆ ತಿರುಗಿದರು.

"ಚಹಾ ಸಾಕು, ಹತ್ತಪ್ಪಾ. ಇವಳದ್ದು ನಿಜ."

ವರ್ಕಿ ಪರೀಕ್ಷೆ ಸುಳ್ಳು ಅಂತ ವಾದ ಮಾಡಲು ನನಗೆ ಉಸಿರೇ ಇರಲಿಲ್ಲ. ದಿನ ತುಂಬಿದ ಸೊಸೆ ಉಳಿದ ದಾರಿಯುದ್ದಕ್ಕೂ ನನ್ನ ಬೆನ್ನು ಉಜ್ಜಿದಳು. ಡಾಕ್ಟರಿಗೆ ತೋರಿಸಿಕೊಂಡು, ನಿನಗೆ ಇನ್ನೂ ಟೈಮಿದೆ ಅನ್ನಿಸಿಕೊಂಡು, ಬಸ್ಸಲ್ಲಿ ಊರಿಗೆ ಹೋದಳು. ನನ್ನ ಮಗಳು ಸಂಜೆಗೆ ಮುಂಚೆ ಹುಟ್ಟಿದಳು. ಆಸ್ಪತ್ರೆಯಲ್ಲೇ, ಗಟ್ಟಿಯಾಗಿ ಅಳುತ್ತಾ. ಅವಳನ್ನು ಎದೆಗೆ ಅವಚಿಕೊಂಡು ನಾನೂ ಅತ್ತುಬಿಟ್ಟೆ, ನಕ್ಕೆ. ನನ್ನ ಹಟ ಉಳಿಯಿತು.

ಮರ್ಯಾದೆ ಮಾತ್ರ ಬಾಗಿಲಲ್ಲೇ ಹೋಗಿತ್ತು. ಸ್ಟ್ರೆಚರ್ ಮೇಲೆ ಮಲಗಿಸಿದ ಕೂಡಲೇ ಅದೇ ಡಾಕ್ಟರಮ್ಮ ಬಂದು, ನೀವೇ ಪಾಠ ಹೇಳುವವರು, ಸರಿಯಾಗಿ ಹೇಳಿ, ನೋವು ಎಷ್ಟು ಹೊತ್ತಿಗೊಂದು ಬರ್ತಿದೆ ಅಂತ ಕೇಳಿದರು. ಇಷ್ಟು ವರ್ಷ ಹಟ್ಟಿ ಹಟ್ಟಿಗೆ ಹೋಗಿ ಗಡಿಯಾರ ನೋಡಿ, ಗಡಿಯಾರ ನೋಡಿ ಅಂತ ಬಡಿದುಕೊಂಡ ನಾನು ಬಾಯಿ ತೆರೆದೆ.

"ಎರಡು ತಿರುವಿಗೊಂದು, ಡಾಕ್ಟರ್. ಎಲೆ ಲಾರಿ ಇರಲಿಲ್ಲ."