ಹಾಸನದಲ್ಲಿ ಉಕ್ಕದ ಹಾಲು

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಬೋಧಿಸಿದ ಗಿರಿಧರ ಮೇಷ್ಟ್ರಿಗೆ ಇದ್ದದ್ದು ಒಂದೇ ಕೊರಗು. ತಮ್ಮನ್ನು ಇನ್ನೂ ಯಾರೂ ‘ಸಂಪನ್ಮೂಲ ವ್ಯಕ್ತಿ’ ಮಾಡಿಲ್ಲವಲ್ಲ! ಸಂಪನ್ಮೂಲ ವ್ಯಕ್ತಿ ಎಂದರೇನು ಸಾಮಾನ್ಯವೇ? ಮೇಷ್ಟ್ರುಗಳಿಗೇ ಪಾಠ ಹೇಳುವ ಮೇಷ್ಟ್ರು. ಎದೆಗೆ ಬ್ಯಾಡ್ಜು, ಮುಂದೆ ನೀರಿನ ಬಾಟಲಿ, ಹನ್ನೊಂದಕ್ಕೆ ಗೋಡಂಬಿ ಬಿಸ್ಕತ್ತು. 2007ರಲ್ಲಿ ಕೊನೆಗೂ ಸುತ್ತೋಲೆ ಬಂತು. ಕಂಪ್ಯೂಟರಿನಲ್ಲಿ ಸ್ಲೈಡು ಮಾಡಿ, ಅದರಲ್ಲಿ ವಿಡಿಯೋ ಸೇರಿಸಿ, ಹಾಸನದಲ್ಲಿ ಪಾಠ ತೋರಿಸಬೇಕು. ಅದನ್ನು ನೋಡಿ ತಾಲ್ಲೂಕಿಗೆ ಒಬ್ಬರೇ ಸಂಪನ್ಮೂಲ ವ್ಯಕ್ತಿಯ ಆಯ್ಕೆ.

ಮೇಷ್ಟ್ರು ಆರಿಸಿಕೊಂಡ ಘನವಿಷಯ ‘ಹಾಲು ಉಕ್ಕುವುದೇಕೆ?’. ಅವರು ಆರಾಮಕುರ್ಚಿಯಲ್ಲಿ ಕೂತು ಹೇಳಿದರು; ಅದೇ ಊರಿನ ಪ್ರೈಮರಿ ಶಾಲೆಯ ಟೀಚರ್ ಆದ ಹೆಂಡತಿ ಹಂಸ ಕೂತು ಟೈಪು ಮಾಡಿದಳು. (ಸ್ಲೈಡಿನ ಕೆಳಗೆ ‘ತಯಾರಿಕೆ: ಗಿರಿಧರ’ ಎಂದು ಟೈಪು ಮಾಡಿದವಳೂ ಅವಳೇ.)

ವಿಡಿಯೋ ತೆಗೆಯುವುದು ಮಾತ್ರ ಮಹಾಯಾಗವಾಯಿತು. ಮೇಷ್ಟ್ರು ಕ್ಯಾಮೆರಾ ಹಿಡಿದು ನಿಂತಷ್ಟು ಹೊತ್ತು ಹಾಲು ಸಾಧುವಿನಂತೆ ಸುಮ್ಮನಿರುತ್ತಿತ್ತು. ಕನ್ನಡಕ ಒರೆಸಲು ತಿರುಗಿದರೋ, ಬುಸ್ಸೆಂದು ಒಲೆಗೇ ಅಭಿಷೇಕ! ಐದು ಸಲ ಹೀಗೇ ಆಯಿತು.

“ಹಾಲು ಉಕ್ಕಿಸೋಕೂ ಓದಿರ್ಬೇಕೇನೋ? ನಾನು ಐವತ್ತು ವರ್ಷ ಓದ್ದೇನೇ ಉಕ್ಕಿಸಿದೀನಿ,” ಎಂದರು ಮೇಷ್ಟ್ರ ತಾಯಿ ಗೋದಮ್ಮ.

ಆರನೆಯ ಸಲ ಹಾಲು ಕ್ಯಾಮೆರಾದೊಳಗೇ ಉಕ್ಕಿತು. ಹೊರಡುವ ಶನಿವಾರ ಬೆಳಿಗ್ಗೆ ಹಂಸ ಪೆನ್‌ಡ್ರೈವಿಗೆ ಸ್ಲೈಡಿನ ಫೈಲು ಹಾಕುತ್ತಾ ಕೇಳಿದಳು, “ಇದೊಂದೇ ಸಾಕೇನ್ರೀ? ವಿಡಿಯೋನೂ ಬೇರೆಯಾಗಿ ಹಾಕ್ಲಾ?”

“ಅಯ್ಯೋ ಪೆದ್ದಿ, ಸ್ಲೈಡಲ್ಲಿ ಕಾಣ್ತಾ ಇಲ್ವೇನೆ? ಒಳಗಿಲ್ದೆ ಇದ್ರೆ ಹೇಗೆ ಕಾಣತ್ತೆ?”

“ಕನ್ನಡೀಲಿ ನೀವೂ ಕಾಣ್ತೀರಿ. ಕನ್ನಡಿ ಹೊತ್ಕೊಂಡು ಹೋದ್ರೆ ನೀವು ಹೋದ ಹಾಗಾ?”

“ಬಸ್ಸಿಗೆ ಹೊತ್ತಾಯ್ತು!” ಎಂದು ಮೇಷ್ಟ್ರು ಗದರಿದರು. ಉತ್ತರ ಹೊಳೆಯದಿದ್ದಾಗಲೆಲ್ಲ ಅವರಿಗೆ ಬಸ್ಸಿಗೆ ಹೊತ್ತಾಗುತ್ತಿತ್ತು. ಗೋದಮ್ಮನವರು ಶುಭಕಾರ್ಯವೆಂದು ಪೆನ್‌ಡ್ರೈವನ್ನು ದೇವರ ಮುಂದಿಟ್ಟು, ಕುಂಕುಮವಿಟ್ಟು, ಅದರ ಬಾಯಿಗೂ ಒಂದು ಚಿಟಿಕೆ ಉದುರಿಸಿ ಮಗನ ಕೈಗೆ ಕೊಟ್ಟರು.

ಹಾಸನದ ಸಭಾಂಗಣದಲ್ಲಿ ಅರವತ್ತು ಜನ ಶಿಕ್ಷಕರು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು. “ಈಗ ನೋಡಿ, ಹಾಲು!” ಎಂದು ಮೇಷ್ಟ್ರು ಮೌಸು ಒತ್ತಿದರು. ಪರದೆಯ ಮೇಲೆ ಕರೀ ಚೌಕ. ಮತ್ತೆ ಒತ್ತಿದರು. ಕರೀ ಚೌಕವೇ.

“ಹಾಲು ಸೀದೋಗ್ಬುಟ್ಟದೆ ಸಾ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಮೇಷ್ಟ್ರು ಮಾನ ಉಳಿಸಿಕೊಳ್ಳಲು ತಾವೇ ಹಾಲಾದರು. ಕೈಗಳನ್ನು ಮೇಲೆತ್ತಿ, ಕೆನ್ನೆ ಉಬ್ಬಿಸಿ, “ಹೀಗೆ ಏರುತ್ತೆ, ಏರುತ್ತೆ, ಬುಸ್ಸ್!” ಎಂದು ತುದಿಗಾಲಲ್ಲಿ ನಿಂತರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧಿಕಾರಿಗಳು ಕರುಣೆ ತೋರಿ, ಊಟದ ನಂತರ ಇನ್ನೊಂದು ಅವಕಾಶ ಕೊಟ್ಟರು.

ಮೇಷ್ಟ್ರು ಮನೆಗೆ ಫೋನು ಮಾಡಿದರು. “ಅಮ್ಮನ ಕುಂಕುಮ ಒಳಗೆ ಹೋಗಿ ವಿಡಿಯೋ ಹಾಳಾಯ್ತು ಕಣೇ!”

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಅರಕಲಗೂಡಿನ ಶಾಂತರಾಜು ಪಕ್ಕದಲ್ಲೇ ಇದ್ದ. “ಕುಂಕುಮದ್ದೇನೂ ತಪ್ಪಿಲ್ಲ ಸಾ. ಸ್ಲೈಡಲ್ಲಿರಾದು ವಿಡಿಯೋ ಇರೋ ಜಾಗದ ಅಡ್ರೆಸ್ಸು ಅಷ್ಟೇಯ. ಲಗ್ನಪತ್ರಿಕೆ ಛತ್ರಕ್ಕೆ ಬಂದದೆ, ಗಂಡು ಮನೇಲೇ ಉಳ್ಕಂಡವ್ನೆ.”

ಇದೆಲ್ಲ ಫೋನಿನಲ್ಲಿ ಹಂಸಳಿಗೂ ಕೇಳಿಸಿತು. ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದವಳು ಸ್ಲೈಡನ್ನೂ ವಿಡಿಯೋವನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಅಲ್ಲಿಂದಲೇ ವಿಡಿಯೋವನ್ನು ಹೊಸದಾಗಿ ಸೇರಿಸಿ, ಫೋಲ್ಡರನ್ನೇ ಸೀಡಿಗೆ ಇಳಿಸಿ ಬಸ್ಸು ಹತ್ತಿದಳು. ಎರಡು ಗಂಟೆಗೆ ಸಭಾಂಗಣ ತಲುಪಿ, ಫೋಲ್ಡರನ್ನು ಅಲ್ಲಿನ ಕಂಪ್ಯೂಟರಿಗೆ ಹಾಕಿಸಿ, ಒಂದು ಸಲ ಓಡಿಸಿ ನೋಡಿ, ಸ್ಪೀಕರಿನ ತಂತಿ ಸಿಕ್ಕಿಸಿ, ಸ್ಲೈಡು ಬಂದೊಡನೆ ವಿಡಿಯೋ ತಾನೇ ಶುರುವಾಗುವಂತೆಯೂ ಮಾಡಿದಳು. ಮೇಷ್ಟ್ರು ಎಂಟನೆಯ ಸ್ಲೈಡಿಗೆ ಬಂದರು. ಹಾಲು ಬೆಳ್ಳಗೆ, ತುಂಬಿ, ಉಕ್ಕಿತು. “ಒಲೆ ಆರ್ಸೇ ಹಂಸಾ!” ಎಂಬ ಗೋದಮ್ಮನವರ ಕೂಗು ಸ್ಪಷ್ಟವಾಗಿ ಕೇಳಿತು. ಜೋರು ಚಪ್ಪಾಳೆ!

“ವಂಡರ್‌ಫುಲ್! ಬೆಳಿಗ್ಗೆ ಏನಾಗಿತ್ತು, ಈಗ ಹೇಗೆ ಸರಿ ಮಾಡಿದ್ರಿ? ಎಲ್ಲರಿಗೂ ಹೇಳಿ ಮೇಷ್ಟ್ರೇ,” ಎಂದರು ಅಧಿಕಾರಿಗಳು.

ಮೇಷ್ಟ್ರು ಬಾಯಿ ತೆರೆದರು. “ಅದು... ಮೂಲಭೂತವಾಗಿ... ತಾಂತ್ರಿಕ...” ಎಂದು ಹೆಂಡತಿಯ ಮುಖ ನೋಡಿದರು. ಹಂಸ ಎದ್ದು ಮೂರು ನಿಮಿಷದಲ್ಲಿ ಎಲ್ಲವನ್ನೂ, ಮೂರನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ, ಬಿಡಿಸಿ ಹೇಳಿದಳು. ಅರವತ್ತು ಜನರೂ ಬರೆದುಕೊಂಡರು.

“ನೀವೂ ಟೀಚರ್ರಾ ಅಮ್ಮಾ?” ಎಂದು ಕೇಳಿದ ಅಧಿಕಾರಿಗಳು ಅವಳ ಹೆಸರು, ಶಾಲೆ ಗುರುತು ಹಾಕಿಕೊಂಡರು.

ಹದಿನೈದು ದಿನಕ್ಕೆ ಆದೇಶ ಬಂತು. ತಾಲ್ಲೂಕಿನ ಸಂಪನ್ಮೂಲ ವ್ಯಕ್ತಿ: ಶ್ರೀಮತಿ ಹಂಸ. ಮೇಷ್ಟ್ರಿಗೆ ಹೊಟ್ಟೆ ಉರಿಯಿತು. ನಿಜ ಹೇಳಬೇಕೆಂದರೆ ಒಂದಿಷ್ಟು ಹೆಮ್ಮೆಯೂ ಆಯಿತು, ಆದರೆ ಉರಿಯೇ ಜಾಸ್ತಿ. ಆದೇಶದ ಹಿಂದಿನ ಪುಟದಲ್ಲಿ ಕಡ್ಡಾಯವಾಗಿ ತರಬೇತಿ ಪಡೆಯಬೇಕಾದವರ ಪಟ್ಟಿ ಇತ್ತು. ಮೊದಲ ಹೆಸರೇ ಗಿರಿಧರ.

ತರಬೇತಿಯ ದಿನ ಮೇಷ್ಟ್ರು ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಹಂಸ ಬ್ಯಾಡ್ಜು ಧರಿಸಿ ಪಾಠ ಶುರು ಮಾಡಿದಳು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಡ್ರಾಯಿಂಗ್ ಮೇಷ್ಟ್ರ ಕಿವಿಯಲ್ಲಿ, “ಅವಳಿಗೆ ಇದನ್ನೆಲ್ಲ ಕಲಿಸಿದ್ದೇ ನಾನು ಕಣ್ರೀ,” ಎಂದರು.

“ಕೊನೇ ಬೆಂಚಲ್ಲಿ ಯಾರದು ಮಾತಾಡ್ತಿರೋದು?” ಎಂದಳು ಹಂಸ. “ಎದ್ದು ನಿಂತ್ಕೊಳ್ಳಿ.”

ಮೇಷ್ಟ್ರು ಎದ್ದು ನಿಂತರು.