ನೂರು ವರ್ಷದ ಹೊಸ ಕಪಾಟು

ನನಗೆ ಹೊಟ್ಟೆಕಿಚ್ಚಿನ ಸ್ವಭಾವವಿಲ್ಲ ಎಂದು ಹುಮನಾಬಾದಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳಿಕೊಂಡು ತಿರುಗುವವನು ನಾನೇ. ಊರವರ ಕಾರು, ಬಂಗಲೆ ಕಂಡರೆ ನನಗೇನೂ ಆಗುವುದಿಲ್ಲ. ಆದರೆ ಬಸವಕಲ್ಯಾಣದ ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ ರೇವಣಪ್ಪ, ಒಂದು ಹೊಸ ಚಮಚ ತಂದರೂ ನನಗೆ ಊಟ ಸೇರುವುದಿಲ್ಲ.

ಮನೆಮನೆಗೆ ಕೇಬಲ್ ಟಿವಿ ಬರುತ್ತಿದ್ದ ಕಾಲ. ರೇವಣಪ್ಪ ಗೋಡೆಯಗಲದ ತೇಗದ ಕಪಾಟು ಮಾಡಿಸಿದ. ಮಾಡಿಸಿದ್ದು ಹೊಸದು, ನೋಡಿದರೆ ನೂರು ವರ್ಷದ್ದು! ಕೆತ್ತನೆಯ ಮೇಲೆಲ್ಲ ಕಂದು ಬಣ್ಣ ಬಳಿದು, ಹಸಿಯಿರುವಾಗಲೇ ಒರೆಸಿ, ಸಂದಿಗಳಲ್ಲಷ್ಟೇ ಉಳಿಸಿದರೆ ಹಳೆಯ ಕಳೆ ಬರುತ್ತದಂತೆ. ನಾವು ನೋಡಲು ಹೋದಾಗ ನನ್ನ ಹೆಂಡತಿ ಅದರ ಮುಂದೆ ನಿಂತವಳು ಅಲುಗಲೇ ಇಲ್ಲ. "ನವಾಬರ ಮನ್ಯಾಗಿಂದ ತಂದಂಗ ಅದ ನೋಡ್ರಿ," ಎಂದಳು. ಮದುವೆಯಾಗಿ ಹನ್ನೆರಡು ವರ್ಷ, ನಾನು ತಂದ ಯಾವ ಸಾಮಾನನ್ನೂ ಅವಳು ಹಾಗೆ ನೋಡಿದ್ದಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿಯೇ ಕುಳಿತಿದ್ದೆ.

ಮರುವಾರವೇ ಪಾಲಿಶ್ ಮಾಡುವ ಖಾಜಾಮಿಯಾನನ್ನು ಕರೆಸಿದೆ. ನಮ್ಮ ಕೆತ್ತನೆಯ ಕಪಾಟಿಗೂ ನೂರು ವರ್ಷ ತುಂಬಿಸಬೇಕು, ಸಾಧ್ಯವಾದರೆ ಹತ್ತು ಹೆಚ್ಚೇ ಇರಲಿ ಎಂದೆ. ಆತ ಬಳಿದು ಒರೆಸಿ, "ಸಂದ್ಯಾಗಿಂದು ಇನ್ನಾ ಹಸಿ ಅದರಿ. ಸೋಮವಾರ ಬಂದು ಮ್ಯಾಲ ವಾರ್ನಿಶ್ ಹೊಡೀತೀನಿ. ಅಲ್ಲೀತನಕ ಕೈ ಹಚ್ಚಬ್ಯಾಡ್ರಿ," ಎಂದು ಹೋದ. ನನಗೆಲ್ಲಿಯ ತಾಳ್ಮೆ? ಭಾನುವಾರದ ಊಟಕ್ಕೇ ರೇವಣಪ್ಪ ದಂಪತಿಯನ್ನು ಕರೆದುಬಿಟ್ಟೆ.

ಅಂದು ಬೆಳಿಗ್ಗೆ ಅವ್ವ ಚಿಟಗುಪ್ಪದ ಅಕ್ಕನ ಮನೆಯಿಂದ ಬಂದಳು. ಪಾಲಿಶ್ ವಿಷಯ ಅವಳಿಗೆ ಹೇಳುವುದು ಯಾರಿಗೂ ನೆನಪಾಗಲಿಲ್ಲ. ಅವಳನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಹೋಗಿ ಷಡ್ಡಕನನ್ನು ಕರೆತಂದರೆ, ಬಾಗಿಲಲ್ಲೇ ಸೀಮೆಎಣ್ಣೆಯ ವಾಸನೆ. ಕಪಾಟು ಲಕಲಕ ಹೊಳೆಯುತ್ತಿದೆ. ಪಕ್ಕದಲ್ಲಿ ಕಪ್ಪಾದ ಬಟ್ಟೆ ಹಿಡಿದ ಅವ್ವ.

"ಎಂಟು ದಿನ ನಾ ಇಲ್ಲಂದ್ರ ಸಂದಿ ತುಂಬ ಹೊಲಸು! ಮಂದಿ ಮುಂದ ಸೊಸಿ ಹೆಸರು ಕೆಡಬಾರ್ದಂತ ಚಿಮಣಿ ಎಣ್ಣಿ ಹಚ್ಚಿ ತಿಕ್ಕೀನಿ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ರೇವಣಪ್ಪನ ಹೆಂಡತಿ ಗಂಡನ ಕಡೆ ತಿರುಗಿ, "ನೋಡ್ರಿ, ಕಪಾಟಂದ್ರ ಹಿಂಗಿರಬೇಕು. ನಮ್ಮನಿಗಿ ಬಂದವ್ರೆಲ್ಲಾ ಧೂಳ ಒರಸಿಲ್ಲೇನಂತ ಕೇಳಾಕತ್ತಾರ," ಎಂದಳು. ರೇವಣಪ್ಪ ಇಂಗು ತಿಂದ ಮಂಗನಂತಾದ. ಆ ಮುಖ ನೋಡಲೆಂದೇ ನಾನು ಎರಡು ವಾರ ಕಾದಿದ್ದೆ.

ಆದರೆ ನನ್ನ ಹೆಂಡತಿ, "ಎಲ್ಲಾ ನಮ್ಮತ್ತಿ ಕೈಗುಣ," ಎನ್ನುತ್ತ ಕಪಾಟಿನ ಮುಂದೆ ನಿಂತುಬಿಟ್ಟಳು, ಬಸವಕಲ್ಯಾಣದಲ್ಲಿ ನಿಂತ ಹಾಗೆಯೇ. ರೇವಣಪ್ಪ, "ಅವ್ವಾರ, ನಮ್ಮನಿಗೂ ಒಮ್ಮಿ ಬರ್ರಿ," ಎಂದು ಕೈಮುಗಿದ. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಷಡ್ಡಕನ ಮೇಲಿನ ಹೊಟ್ಟೆಕಿಚ್ಚು ಅಂದು ಆರಿತು, ಸುಳ್ಳೇಕೆ ಹೇಳಲಿ. ಆದರೂ ಅವ್ವ ಪ್ರೀತಿಯಿಂದ ಬಡಿಸಿದ ಹೋಳಿಗೆ ನನಗೆ ಸೇರಲಿಲ್ಲ.