ಮೂರನೇ ಕೌಂಟರಿನ ಭಾನುವಾರಗಳು

ಲ್ಯಾಪ್‌ಟಾಪಿಗೆ ಮೂರು ವರ್ಷದ ಖಾತೆ ಇತ್ತು. ಖಾತೆಯಲ್ಲ, ಖಾ... ಕೊನೆಯಲ್ಲಿ 'ರಿ' ಬರುವ ಪದ. ಅಜ್ಜಿಯ ನಾಲಿಗೆಯ ತುದಿಯಲ್ಲೇ ಇತ್ತು, ಬಾಯಿಗೆ ಬರಲಿಲ್ಲ. ಊರು ಬಿಟ್ಟು ನಲವತ್ತು ವರ್ಷವಾದ ಮೇಲೆ ಕೆಲವು ಪದಗಳು ಕರೆದ ಕೂಡಲೇ ಓಗೊಡುವುದಿಲ್ಲ. "ವಾರಂಟಿ ಅಂದರೆ ಸಾಕು, ಅಜ್ಜಿ," ಎಂದಳು ಮೊಮ್ಮಗಳು. ಹೆಸರು ಯಾವುದಾದರೇನು, ಇನ್ನೂ ಒಂಬತ್ತು ತಿಂಗಳು ಬಾಕಿ ಇತ್ತು. ಕೆಟ್ಟರೆ ಕಂಪನಿಯೇ ಸರಿಪಡಿಸಿಕೊಡಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಅಜ್ಜಿಯ ಅಕ್ಕ ಊರಲ್ಲಿದ್ದಳು. ಎಂಬತ್ತಾರು ವರ್ಷ, ಕಿವಿ ಎರಡೂ ಪೂರ್ತಿ ಹೋಗಿದ್ದವು. ಆದರೆ ತಂಗಿಯ ತುಟಿ ಕಂಡರೆ ಒಂದಕ್ಷರ ಬಿಡದೆ ಓದಿಬಿಡುತ್ತಿದ್ದಳು. ಮೊಬೈಲಿನಲ್ಲಿ ಅಕ್ಕನ ಮುಖ ಅಜ್ಜಿಯ ಮಂಜುಗಣ್ಣಿಗೆ ಅಂಗಿಯ ಗುಂಡಿಯಷ್ಟೇ ಕಾಣುತ್ತಿತ್ತು, ಗುಂಡಿಯ ಜೊತೆ ಜಗಳವಾಡಲಾಗದು. ಆದ್ದರಿಂದ ಪ್ರತಿ ಭಾನುವಾರ ಹನ್ನೊಂದಕ್ಕೆ ಅಜ್ಜಿ ಲ್ಯಾಪ್‌ಟಾಪಿನ ಮುಂದೆ ಕೂತು ಅಕ್ಕನಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ವಿಷಯ ಒಂದೇ: ಅಮ್ಮನ ನಿಲುವುಗನ್ನಡಿ ಒಡೆದವರು ಯಾರು? ಎಪ್ಪತ್ತು ವರ್ಷದ ವ್ಯಾಜ್ಯ. ಒಂದು ಭಾನುವಾರ ಅಕ್ಕ, "ಅವತ್ತು ನಾನು..." ಎನ್ನುವಷ್ಟರಲ್ಲಿ ಸ್ಕ್ರೀನು ಕಪ್ಪಾಯಿತು. 'ನಾನು' ಆದಮೇಲೆ ಏನಿತ್ತೆಂದು ತಿಳಿಯದೆ ಅಜ್ಜಿಗೆ ಊಟ ಸೇರಲಿಲ್ಲ. ಅಕ್ಕನ ವಯಸ್ಸಿನಲ್ಲಿ ಮುಂದಿನ ವಾರಕ್ಕೆ ಯಾವ ಕಂಪನಿಯೂ ವಾರಂಟಿ ಕೊಟ್ಟಿರಲಿಲ್ಲ.

ಸರ್ವಿಸ್ ಸೆಂಟರಿನ ಬಾಗಿಲಲ್ಲಿ ಫಲಕವಿತ್ತು: "ಗ್ರಾಹಕರೇ ನಮ್ಮ ದೇವರು. ಟೋಕನ್ ಪಡೆಯದ ದೇವರುಗಳಿಗೆ ಪ್ರವೇಶವಿಲ್ಲ." ಅಜ್ಜಿ ಅರವತ್ತೊಂದನೆಯ ದೇವರಾಗಿ ಕಾದಳು. ಮೂರನೇ ಕೌಂಟರಿನ ಟೆಕ್ನಿಷಿಯನ್ ಲ್ಯಾಪ್‌ಟಾಪನ್ನು ತನ್ನ ಮೇಜಿನ ಮೇಲಿಟ್ಟು ಗುಂಡಿ ಒತ್ತಿದ. ಸ್ಕ್ರೀನು ಬೆಳಗಿತು. 'ದೋಷವಿಲ್ಲ' ಎಂದು ಮೊಹರು ಹಾಕಿ ಕಳಿಸಿದ. ಮನೆಗೆ ತಂದರೆ ಕಪ್ಪು. ಹೀಗೆ ನಾಲ್ಕು ಸಲ.

ಐದನೇ ಸಲ ಕಂಪನಿ ಮನೆಗೇ ಇನ್ಸ್‌ಪೆಕ್ಟರನ್ನು ಕಳಿಸಿತು. ಅವರು ಗೋಡೆ ತಟ್ಟಿ, ಕಿಟಕಿ ಅಳೆದು, ಅಜ್ಜಿಯ ಕುರ್ಚಿಯಲ್ಲಿ ಹತ್ತು ನಿಮಿಷ ಕಣ್ಣುಮುಚ್ಚಿ ಕೂತು ವರದಿ ಬರೆದರು: "ಸದರಿ ಯಂತ್ರವು ಕೇಂದ್ರದಲ್ಲಿ ನಡೆಯುತ್ತದೆ, ಮನೆಯಲ್ಲಿ ನಡೆಯುವುದಿಲ್ಲ. ಆದ್ದರಿಂದ ದೋಷವು ಮನೆಯದು. ಮನೆಯು ನಮ್ಮ ತಯಾರಿಕೆಯಲ್ಲವಾದ್ದರಿಂದ ಅದರ ದುರಸ್ತಿಗೆ ಅವಕಾಶವಿರುವುದಿಲ್ಲ."

ಮೊಮ್ಮಗಳು ಅಜ್ಜಿಯನ್ನು ಕರೆದುಕೊಂಡು ಸೆಂಟರಿಗೆ ಹೋಗಿ ಗ್ರಾಹಕರ ಹಕ್ಕು ಎಂದರೇನು ಗೊತ್ತಾ ಎಂದು ಕೂಗಾಡಿದಳು. ಟೆಕ್ನಿಷಿಯನ್ನನಿಗೆ ಗೊತ್ತಿತ್ತು. ಡ್ರಾಯರಿನಿಂದ ಪುಸ್ತಿಕೆ ತೆಗೆದು ಹದಿನೇಳನೇ ನಿಯಮ ಓದಿದ: ಅತೃಪ್ತ ಗ್ರಾಹಕರು ಯಂತ್ರವನ್ನು ಕೇಂದ್ರದಲ್ಲೇ ಬಿಟ್ಟು, ತಮ್ಮ ನಿತ್ಯದ ಬಳಕೆಯಂತೆ ಅಲ್ಲಿಯೇ ಪರೀಕ್ಷಿಸಿಕೊಳ್ಳಬಹುದು, ಪರೀಕ್ಷೆ ನಡೆದಷ್ಟು ದಿನವೂ ವಾರಂಟಿ ಮುಂದುವರಿಯತಕ್ಕದ್ದು.

"ನಿಮ್ಮ ನಿತ್ಯದ ಬಳಕೆ ಏನಮ್ಮಾ?"

"ಜಗಳ," ಎಂದಳು ಅಜ್ಜಿ.

ಅವನು ಹಾಗೆಯೇ ಬರೆದುಕೊಂಡ.

ಅಂದಿನಿಂದ ಭಾನುವಾರ ಹನ್ನೊಂದಕ್ಕೆ ಮೂರನೇ ಕೌಂಟರಿನಲ್ಲಿ ಪರೀಕ್ಷೆ. ಮೊದಲ ದಿನ ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಏನೇ ಇದು, ನಿನ್ನ ಹಿಂದೆ ಇಷ್ಟು ಜನ? ಯಾರಿಗೆ ಹುಷಾರಿಲ್ಲ?"

"ಲ್ಯಾಪ್‌ಟಾಪಿಗೆ ಕಣಕ್ಕ."

"ಚೆನ್ನಾಗೇ ಕಾಣ್ತಿದೆಯಲ್ಲ," ಎಂದಳು ಅಕ್ಕ. ಟೆಕ್ನಿಷಿಯನ್ ಅದನ್ನು ಹೊರಗಿನ ತಜ್ಞರ ಅಭಿಪ್ರಾಯವೆಂದು ಫೈಲಿಗೆ ಸೇರಿಸಿದ.

ಅವತ್ತು ಏನು ಹೇಳಹೊರಟಿದ್ದೆ ಎಂದು ಅಜ್ಜಿ ಎಷ್ಟು ಕೇಳಿದರೂ ಅಕ್ಕ ಬಾಯಿ ಬಿಡಲಿಲ್ಲ. ವಾರ ಕಳೆದಂತೆ ಟೋಕನ್ ಹಿಡಿದು ಕೂತವರಲ್ಲಿ ಎರಡು ಪಂಗಡವಾದವು. ಬ್ಯಾಟರಿ ಕೆಟ್ಟವರೆಲ್ಲ ಅಕ್ಕನ ಕಡೆ, ಕೀಬೋರ್ಡ್ ಕೆಟ್ಟವರೆಲ್ಲ ಅಜ್ಜಿಯ ಕಡೆ. ತಮ್ಮ ಸರದಿ ಬಂದರೂ ಏಳದವರಿದ್ದರು. ವಾರದ ವರದಿಯೂ ತಪ್ಪದೆ ಹೋಗುತ್ತಿತ್ತು: "ಜಗಳ ತೃಪ್ತಿಕರ. ಚಿತ್ರ ಸ್ಪಷ್ಟ. ಕನ್ನಡಿಯ ವಿಷಯ ಮುಂದೂಡಲಾಗಿದೆ."

ಹನ್ನೆರಡನೇ ಭಾನುವಾರ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಕು ಬಿಡೇ. ಯಾರು ಒಡೆದದ್ದು ಅಂತ ಮುಂದಿನ ವಾರ ಹೇಳಿಬಿಡ್ತೀನಿ. ಎಷ್ಟು ವರ್ಷ ಹೊಟ್ಟೇಲಿಟ್ಕೊಳ್ಳಲಿ?"

ಮಂಗಳವಾರ ಕಂಪನಿಯ ಪತ್ರ ಬಂತು: "ಹನ್ನೆರಡು ಪರೀಕ್ಷೆಗಳಲ್ಲೂ ಜಗಳವು ನಿರಾತಂಕವಾಗಿ ನಡೆದಿರುವುದರಿಂದ ಸದರಿ ಯಂತ್ರವು ಸುಸ್ಥಿತಿಯಲ್ಲಿದೆ. ಶನಿವಾರದೊಳಗಾಗಿ ಮನೆಗೆ ಒಯ್ಯತಕ್ಕದ್ದು."

ಮನೆಗೆ ಒಯ್ದರೆ ಕಪ್ಪು. ಬುಧವಾರ ಅಜ್ಜಿ ಮೊಮ್ಮಗಳ ಕೈ ಹಿಡಿದು ಸೆಂಟರಿಗೆ ಹೋದಳು. ಟೆಕ್ನಿಷಿಯನ್ನನ ಮುಖವೂ ಬಾಡಿತ್ತು. ಅತ್ತಿತ್ತ ನೋಡಿ, "ಒಂದು ದೂರು ಕೊಡಿ ಅಮ್ಮಾ," ಎಂದ. "ದೂರು ಬಾಕಿ ಇರೋವರೆಗೂ ಮಷೀನ್ ಹೊರಗೆ ಕಳ್ಸೋ ಹಾಗಿಲ್ಲ."

"ಏನಂತ ಕೊಡಲಿ? ಇಲ್ಲಿ ಚೆನ್ನಾಗೇ ಇದೆಯಲ್ಲಪ್ಪ."

"ಅದನ್ನೇ ಕೊಡಿ."

ಮನೆಗೆ ಬಂದು ಗೋಡೆ ತಟ್ಟಿದ್ದ ಇನ್ಸ್‌ಪೆಕ್ಟರು ಒಳಗಿನ ಕೋಣೆಯಿಂದ ಎದ್ದು ಬಂದು ಖಾಲಿ ಹಾಳೆಗೆ ಮೊದಲೇ 'ಸ್ವೀಕರಿಸಲಾಗಿದೆ' ಎಂಬ ಮೊಹರು ಒತ್ತಿ ಕೊಟ್ಟರು. ಭಾನುವಾರದ ಟೋಕನ್ ಆಗಲೇ ಅವರ ಜೇಬಿನಲ್ಲಿತ್ತು. ಬ್ಯಾಟರಿಯವರೂ ಕೀಬೋರ್ಡಿನವರೂ ಪಂಗಡ ಮರೆತು ಸಾಕ್ಷಿಗೆ ಸಹಿ ಹಾಕಿದರು. ಗ್ರಾಹಕರ ಹಕ್ಕಿಗಾಗಿ ಕೂಗಾಡಿದ್ದ ಮೊಮ್ಮಗಳೇ ಪೆನ್ನಿನ ಮುಚ್ಚಳ ತೆಗೆದಳು.

"ಬರ್ಕೋ ಪುಟ್ಟಿ," ಎಂದಳು ಅಜ್ಜಿ. "ಮೇಲೆ ದಪ್ಪಕ್ಷರದಲ್ಲಿ ಖಾತರಿ ಅಂತ ಹಾಕು. ಹಾಂ, ಖಾತರಿ, ಅದೇ ಪದ. ಕೆಳಗೆ ಬರಿ: ನನ್ನ ಲ್ಯಾಪ್‌ಟಾಪ್ ನಿಮ್ಮಲ್ಲಿ ತುಂಬಾ ಚೆನ್ನಾಗಿ ನಡೀತಾ ಇದೆ. ಈ ದೋಷವನ್ನು ದಯವಿಟ್ಟು ಯಾರೂ ಸರಿಪಡಿಸಬಾರದಾಗಿ ವಿನಂತಿ."